ಮೂರನೆಯ ಬ್ರೌಸರಿನ ಫಸ್ಟ್ ಪೀಸ್

ಆ ಶನಿವಾರ ಮಧ್ಯಾಹ್ನ ನಾನು ಬೊಮ್ಮನಹಳ್ಳಿಯ ಆ ಜೆರಾಕ್ಸ್ ಅಂಗಡಿಯಲ್ಲಿ ಇದ್ದೆನೋ ಇಲ್ಲವೋ ಖಚಿತವಾಗಿ ಹೇಳಲಾರೆ. ಇದ್ದೆ ಎಂದು ನನ್ನ ನೆನಪು ಹೇಳುತ್ತದೆ. ಗೋಡೆಗೆ ಹಸಿರು ಬಣ್ಣ, ಲ್ಯಾಮಿನೇಷನ್ ಯಂತ್ರದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ಹೊರಗೆ ಹೊಸೂರು ರಸ್ತೆಯ ಬಸ್ಸುಗಳ ಹಾರ್ನು, ಅಕ್ಷರ ಅಳಿಸಿಹೋದ ಒಂದು ಕೀಬೋರ್ಡು. ಆ ಕೀಬೋರ್ಡಿನ ಮೇಲಿನ ಸಾಲಿನ ಆರನೆಯ ಗುಂಡಿಯನ್ನು ನಾನೇ ಒತ್ತಿದ್ದು ಬೆರಳಿಗೆ ಈಗಲೂ ತಿಳಿಯುತ್ತದೆ. ಇಷ್ಟು ವಿವರವಾಗಿ ಕಾಣುವುದು ಸುಳ್ಳಾಗಿರಲು ಸಾಧ್ಯವೇ ಎಂದು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ನನಗೆ ವಿವರ ಹೆಚ್ಚಾದಷ್ಟೂ ಅನುಮಾನ ಹೆಚ್ಚಾಗುತ್ತದೆ.

ಇದು ಕಲಿತು ಬಂದ ರೋಗ. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದೆ. ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದರ ಮೇಲೆ ಮೂರು ವರ್ಷ ಸಂಶೋಧನೆ ಮಾಡಿ, ಪ್ರಬಂಧ ಮುಗಿಸದೆ ಎದ್ದು ಬಂದೆ. ಕೂತಲ್ಲಿ ಕೂರಲಾಗದ ಸ್ವಭಾವ. ಆಮೇಲೆ ವೆಬ್ ಪುಟ ಕಟ್ಟುವುದನ್ನು ಸ್ವಂತವಾಗಿ ಕಲಿತು ವೈಟ್‌ಫೀಲ್ಡಿನ ಒಂದು ಸಣ್ಣ ಕಂಪನಿ ಸೇರಿದೆ. ದೊಡ್ಡ ಟೆಕ್ ಪಾರ್ಕಿನ ಹಿಂದಿನ ಬೀದಿ. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ನಾವು ಹನ್ನೊಂದು ಜನ. ಬ್ರೂಕ್‌ಫೀಲ್ಡಿನ ನನ್ನ ಬಾಡಿಗೆ ಮನೆಯಿಂದ ನಡೆದೇ ಹೋಗಬಹುದಿತ್ತು.

ಆ ಹನ್ನೊಂದು ಜನರಲ್ಲಿ ಪರೀಕ್ಷೆ ಮಾಡುವವರು ಒಬ್ಬರೇ. ನಲವತ್ತೈದು ದಾಟಿದ ಹೆಂಗಸು. ಹದಿನೆಂಟು ವರ್ಷ ಪೀಣ್ಯದ ಒಂದು ಕಾರ್ಖಾನೆಯಲ್ಲಿ, ತಯಾರಾದ ಭಾಗಗಳನ್ನು ಅಳೆದು ಪಾಸು ಮಾಡುವ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದವರು. ಆ ಕಾರ್ಖಾನೆ ಮುಚ್ಚಿದ ಮೇಲೆ ಮಗಳ ಹತ್ತಿರ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದಿದ್ದರು. ಆಫೀಸಿನಲ್ಲಿ ಎಲ್ಲರಿಗೂ ಅವರು ಅಕ್ಕ. ಅವರು ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಿದ್ದರು, ನನ್ನನ್ನು ಬಿಟ್ಟು. ನಾನು ‘ಮೇಷ್ಟ್ರು’. ಪಾಠ ಮಾಡುವ ಕೆಲಸ ತಪ್ಪಿಸಿಕೊಂಡು ಬಂದರೂ ಚಟ ಹೋಗಿಲ್ಲ ಎಂದು.

ಅಕ್ಕ ಪೀಣ್ಯದಿಂದ ತಂದಿದ್ದ ಪದ್ಧತಿಗೆ ಫಸ್ಟ್ ಪೀಸ್ ಎಂದು ಹೆಸರು. ಒಂದೇ ಡ್ರಾಯಿಂಗ್ ನೋಡಿ ಮೂರು ಯಂತ್ರಗಳು ಒಂದೇ ಭಾಗವನ್ನು ಮಾಡುತ್ತಿವೆ ಎಂದುಕೊಳ್ಳಿ. ಮೂರೂ ಯಂತ್ರಗಳಿಂದ ಬಂದ ಮೊದಲ ತುಂಡನ್ನು ಅಳೆದು ಸಹಿ ಹಾಕುವವರೆಗೆ ಎರಡನೆಯದು ಬರುವಂತಿಲ್ಲ. ಒಂದು ಯಂತ್ರದ್ದು ಸರಿಯಿದೆ ಎಂದು ಉಳಿದ ಎರಡನ್ನು ಬಿಡುವಂತಿಲ್ಲ. ಮಧ್ಯದಲ್ಲಿ ಕತ್ತರಿಸುವ ಟೂಲ್ ಬದಲಾಯಿಸಿದರೆ ಮತ್ತೆ ಫಸ್ಟ್ ಪೀಸ್. ಅಕ್ಕನಿಗೆ ಬ್ರೌಸರುಗಳು ಸಹ ಯಂತ್ರಗಳೇ. ಮೂರು ಬೇರೆ ಬೇರೆ ಗುಂಪಿನವರು ಕಟ್ಟಿದ ಮೂರು ಬ್ರೌಸರುಗಳನ್ನು ಅವರು ಪರದೆಯ ಮೇಲೆ ಅಕ್ಕಪಕ್ಕ ತೆರೆದಿಟ್ಟು, ನಾವು ಕಟ್ಟಿದ ಪ್ರತಿ ಪುಟವನ್ನೂ ಮೂರರಲ್ಲೂ ನೋಡಿ, ಹಂಚಿಕೊಂಡ ಶೀಟಿನಲ್ಲಿ ಮೂರು ಟಿಕ್ ಹಾಕಿ, ಸಾಲದ್ದಕ್ಕೆ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡುತ್ತಿದ್ದರು. ನನಗೆ ಇದು ಅತಿ ಎನಿಸುತ್ತಿತ್ತು. ಹಾಗೆಂದು ಅವರಿಗೆ ಹೇಳಿಯೂ ಇದ್ದೆ.

ನಡೆದದ್ದಕ್ಕೆ ಕಾರಣವಾದದ್ದು ಒಂದು ಹೊಸ ಸೆಲೆಕ್ಟರ್. ಈ ಮಾತು ಗೊತ್ತಿಲ್ಲದವರಿಗೆ ಎರಡು ಸಾಲು ಹೇಳಬೇಕು. ವೆಬ್ ಪುಟದ ಬಣ್ಣ, ಅಳತೆ, ಯಾವುದನ್ನು ತೋರಿಸಬೇಕು ಯಾವುದನ್ನು ಬಚ್ಚಿಡಬೇಕು ಎಂಬುದನ್ನೆಲ್ಲ ನಾವು ನಿಯಮಗಳಾಗಿ ಬರೆಯುತ್ತೇವೆ. ಪ್ರತಿ ನಿಯಮದ ಮೊದಲಿಗೆ, ಅದು ಪುಟದ ಯಾವ ಭಾಗಕ್ಕೆ ಎಂದು ಬೆರಳು ತೋರಿಸುವ ಒಂದು ಮಾತಿರುತ್ತದೆ. ಅದೇ ಸೆಲೆಕ್ಟರ್. ಹಳೆಯ ಸೆಲೆಕ್ಟರುಗಳಿಗೆ ಹೊರಗಿನಿಂದ ಒಳಕ್ಕೆ, ಮೇಲಿನಿಂದ ಕೆಳಕ್ಕೆ ಮಾತ್ರ ಬೆರಳು ತೋರಿಸಲು ಬರುತ್ತಿತ್ತು. ‘ತನ್ನೊಳಗೆ ಟಿಕ್ ಆದ ಚೌಕವನ್ನು ಇಟ್ಟುಕೊಂಡಿರುವ ಪೆಟ್ಟಿಗೆ’ ಎಂದು ಹೇಳಲು ದಾರಿಯೇ ಇರಲಿಲ್ಲ. ಜಗತ್ತಿನ ಪುಟ ಕಟ್ಟುವವರೆಲ್ಲ ವರ್ಷಗಟ್ಟಲೆ ಇದನ್ನು ಕೇಳುತ್ತಲೇ ಇದ್ದರು. ಕೊನೆಗೆ ಅದು ಬಂತು, ಆದರೆ ಎಲ್ಲ ಕಡೆ ಒಟ್ಟಿಗೆ ಬರಲಿಲ್ಲ. ಎರಡು ಬ್ರೌಸರುಗಳು ಕಲಿತಿದ್ದವು. ಮೂರನೆಯದು ಇನ್ನೂ ಕಲಿಯುತ್ತಿತ್ತು. ನಾನು ಹೇಳುತ್ತಿರುವುದು ಆ ನಡುವಿನ ಕಾಲದ ಮಾತು.

ನಮ್ಮ ಗಿರಾಕಿಗಳಲ್ಲಿ ಪೀಣ್ಯದ ಒಂದು ತರಬೇತಿ ಕೇಂದ್ರವಿತ್ತು. ಕೆಲಸದಲ್ಲಿರುವವರಿಗೆ ಯಂತ್ರಗಳ ರಿಪೇರಿ ಕಲಿಸುತ್ತಿದ್ದರು. ಅದಕ್ಕೆ ಅರ್ಜಿ ತುಂಬುವ ಪುಟ ನಮ್ಮದು. ‘ನಾನು ಕೆಲಸದಲ್ಲಿದ್ದೇನೆ’ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಕೆಳಗೆ ಒಂದು ಭಾಗ ತೆರೆದುಕೊಂಡು, ಕಾರ್ಖಾನೆಯವರ ಪತ್ರವನ್ನು ಸೇರಿಸಲು ಜಾಗ ಕಾಣಿಸುತ್ತಿತ್ತು. ಹಳೆಯ ಸೆಲೆಕ್ಟರಿನಿಂದ ಅದು ಎರಡು ವರ್ಷ ಚೆನ್ನಾಗಿಯೇ ನಡೆದಿತ್ತು. ಆ ವರ್ಷ ಗಿರಾಕಿಯವರು ‘ಹಾಸ್ಟೆಲ್ ಬೇಕು’ ಎಂಬ ಇನ್ನೊಂದು ಚೌಕ, ಅದರ ಕೆಳಗೆ ಇನ್ನೊಂದು ಭಾಗ ಕೇಳಿದರು. ಅವರು ಕೇಳಿದ ಜಾಗವನ್ನು ಹಳೆಯ ಸೆಲೆಕ್ಟರ್ ಮುಟ್ಟುತ್ತಿರಲಿಲ್ಲ. ನಾನು ಹೊಸದನ್ನು ಬರೆದೆ. ಬೇರೆ ನಿಯಮ ಯಾಕೆಂದು, ಪತ್ರದ ಭಾಗಕ್ಕಿದ್ದ ಹಳೆಯ ನಿಯಮದಲ್ಲೇ ಹಳೆಯ ಸೆಲೆಕ್ಟರಿನ ಪಕ್ಕಕ್ಕೆ ಹೊಸದನ್ನೂ ಸೇರಿಸಿದೆ: ಇವರಿಬ್ಬರಲ್ಲಿ ಯಾರಾದರೂ ಬಂದರೆ ಬಾಗಿಲು ತೆಗಿ, ಎಂದು. ಆ ದಿನ ಗುರುವಾರ. ಅಕ್ಕ ಸಂಬಂಧಿಕರ ಗೃಹಪ್ರವೇಶಕ್ಕೆಂದು ರಜೆ ಹಾಕಿದ್ದರು. ಶೀಟಿನಲ್ಲಿ ಮೂರು ಟಿಕ್ ಇದ್ದವು, ಮೂರೂ ನನ್ನವೇ. ಪುಟ ಹೋಯಿತು.

ಶನಿವಾರ ಎರಡು ಗಂಟೆಯ ಹೊತ್ತಿಗೆ ಫೋನ್ ಬಂತು. ಪುಟದ ಕೊನೆಯಲ್ಲಿದ್ದ ಸಹಾಯದ ನಂಬರು ನಮ್ಮ ಅಕ್ಕನ ಮೇಜಿನದೇ. ಗಿರಾಕಿಯವರಲ್ಲಿ ಎತ್ತುವವರು ಯಾರೂ ಇಲ್ಲವೆಂದು ಹಾಗೆ ಮಾಡಿದ್ದೆವು. ಆಫೀಸಿನಲ್ಲಿ ಅವರು ಮತ್ತು ನಾನು ಇಬ್ಬರೇ. ಅವರು ಊಟದ ಡಬ್ಬಿ ಮುಚ್ಚಿ ಫೋನನ್ನು ಸ್ಪೀಕರಿಗೆ ಹಾಕಿದರು. ಆ ಕಡೆ ಒಬ್ಬ ಹೆಂಗಸಿನ ಧ್ವನಿ.

“ಹಲೋ, ಮೇಡಮ್ಮಾರಾ? ನಾ ಬೊಮ್ಮನಹಳ್ಳಿಯಿಂದ ಮಾತಾಡಾಕತ್ತೀನ್ರಿ. ಅರ್ಜಿ ತುಂಬಾಕತ್ತೀನಿ, ‘ಪತ್ರ ಸೇರಿಸಿ’ ಅಂತ ಕೆಂಪಂದು ಬರಾಕತ್ತೈತಿ. ಎಲ್ಲಿ ಸೇರಿಸಬೇಕು ಅನ್ನೋದು ಕಾಣವಲ್ದ್ರಿ.”

“ಕೆಲಸದಲ್ಲಿದ್ದೀನಿ ಅನ್ನೋ ಕಡೆ ಟಿಕ್ ಹಾಕಿದ್ರೇನಮ್ಮ?”

“ಹಾಕೀನ್ರಿ. ಮೂರು ಸಲ ತಗದು ತಗದು ಹಾಕೀನಿ.”

“ಕೆಳಗೆ ಸ್ಕ್ರೋಲ್ ಮಾಡಿಲ್ಲ ಅವರು,” ಎಂದು ನಾನು ಈ ಕಡೆಯಿಂದ ಮೆಲ್ಲಗೆ ಹೇಳಿದೆ. ಅಕ್ಕ ಸುಮ್ಮನಿರಿ ಎಂದು ಕೈ ಆಡಿಸಿದರು.

ಇವತ್ತು ಐದು ಗಂಟೆಗೆ ಅರ್ಜಿ ಮುಚ್ಚುತ್ತದೆ ಎಂಬುದು ಆ ಹೆಂಗಸಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಯಾವ ಕೋರ್ಸು ಎಂದು ಅಕ್ಕ ಕೇಳಿದರು. ಹೊಲಿಗೆ ಯಂತ್ರದ ರಿಪೇರಿ ಎಂದಳು.

“ಎಂಟು ವರ್ಷ ಆತ್ರಿ ಗಾರ್ಮೆಂಟ್ಸ್‌ನ್ಯಾಗ ಹೊಲ್ಯಾಕತ್ತಿ. ಮಶಿನ್ ಕೆಟ್ಟರ ರಿಪೇರಿಯವರು ಬರೂತನಕ ಕೈ ಕಟ್ಟಿ ಕೂಡೋದು, ಆಮ್ಯಾಲ ಟಾರ್ಗೆಟ್ ಮುಟ್ಟಲಿಲ್ಲಂತ ನಮಗs ಬೈಗಳ. ನಾನs ಬಿಚ್ಚಿ ಕೂಡಸ್ತೀನಿ ಅಂದರ ಮುಟ್ಟಗೊಡಂಗಿಲ್ಲ, ಸರ್ಟಿಫಿಕೇಟ್ ಬೇಕಂತ. ಪತ್ರಕ್ಕ ಸಹಿ ಮಾಡಿಸಾಕ ಹದಿನೈದು ದಿನ ಅಡ್ಡಾಡೀನ್ರಿ. ಮುಂದಿನ ಸಲಕ್ಕ ನನಗ ಮೂವತ್ತೈದು ದಾಟತೈತಿ, ತಗೋಳಂಗಿಲ್ಲಂತ ಬರದೈತಿ ನಿಮ್ಮದರಾಗ.”

ಬರೆದದ್ದು ನಿಜ. ಆ ಸಾಲನ್ನು ಟೈಪ್ ಮಾಡಿದ್ದು ನಾನೇ.

ಅಷ್ಟರಲ್ಲಿ ಅವಳು ಕೂತಿದ್ದ ಜೆರಾಕ್ಸ್ ಅಂಗಡಿಯ ಯಜಮಾನರು ಫೋನ್ ಇಸಿದುಕೊಂಡರು. ಆ ಊರಿನ ಹಳೆಯ ಒಕ್ಕಲು ಮನೆತನದವರು, ಮೇಲೆ ನಾಲ್ಕು ಬಾಡಿಗೆ ರೂಮು, ಕೆಳಗೆ ಅಂಗಡಿ ಎಂದು ನನಗೆ ಆಮೇಲೆ ಗೊತ್ತಾಯಿತು.

“ಸಾಮಿ, ನಮ್ ಕಂಪೂಟ್ರು ಅಳೇದು, ಅಂಗಂತ ಕೆಟ್ಟೋಗಿಲ್ಲ. ಬೆಳಗಿಂದ ಕರೆಂಟ್ ಬಿಲ್ಲು, ರೇಷನ್ ಕಾರ್ಡು ಎಲ್ಲ ಓಗ್ತಾ ಐತೆ. ನಿಮ್ದೊಂದೇ ಓಗ್ತಿಲ್ಲ.”

“ಯಾವ ಬ್ರೌಸರ್ ಅಣ್ಣ?” ಎಂದೆ ನಾನು.

“ಯಾವ್ದು ಅಂದ್ರೆ? ಇಂಟರ್ನೆಟ್ಟು.”

“ಅದನ್ನ ತೆಗೆಯೋಕೆ ಒತ್ತುತೀರಲ್ಲ, ಆ ಚಿತ್ರ ಹೆಂಗಿದೆ?”

ಅವರು ಚಿತ್ರವನ್ನು ವರ್ಣಿಸಿದರು. ಮೂರನೆಯ ಬ್ರೌಸರು.

“ಬೇರೆದು ಇಲ್ವಾ ಅಣ್ಣ ಅದ್ರಲ್ಲಿ?”

“ಇತ್ತು. ಅದು ಆಕುದ್ರೆ ಮಿಶನ್ನು ಕಾದೋಯ್ತದೆ, ಪ್ಯಾನು ಎಲಿಕಾಪ್ಟ್ರು ಅಂಗೆ ಸವುಂಡ್ ಮಾಡ್ತದೆ. ತೆಗ್ದಾಕ್ಬುಟ್ಟೆ.”

ಅಕ್ಕ ಅಷ್ಟರಲ್ಲಿ ತಮ್ಮ ಪರದೆಯಲ್ಲಿ ಮೂರನೆಯ ಬ್ರೌಸರನ್ನು ತೆರೆದು ಚೌಕಕ್ಕೆ ಟಿಕ್ ಹಾಕಿದ್ದರು. ಏನೂ ತೆರೆದುಕೊಳ್ಳಲಿಲ್ಲ. ಅರ್ಧ ಗಂಟೆಯಲ್ಲಿ ಫೋನ್ ಮಾಡುತ್ತೇವೆ, ಅಲ್ಲೇ ಇರಮ್ಮ ಎಂದು ಆ ಹೆಂಗಸಿಗೆ ಹೇಳಿ, ನಂಬರು ಬರೆದುಕೊಂಡು, ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ಮೇಷ್ಟ್ರೇ, ಮೂರನೇದಕ್ಕೆ ಟಿಕ್ ಹಾಕಿರೋದು ಯಾರು?”

“ನಾನೇ. ನೋಡಿದ್ದೆ ಅಕ್ಕ.”

“ಯಾವತ್ತು?”

“ಮಂಗಳವಾರ.”

“ಹಾಸ್ಟೆಲ್ ಸೇರಿಸಿದ್ದು?”

“ಗುರುವಾರ.”

“ಟೂಲ್ ಬದಲಾಯಿಸಿದ ಮೇಲೆ ಫಸ್ಟ್ ಪೀಸ್ ಯಾರ್ ನೋಡಿದ್ರು?”

ನಾನು ಗುರುವಾರವೂ ನೋಡಿದ್ದೆ ಎಂದೇ ಆಗ ನಂಬಿದ್ದೆ. ಮೂರನೆಯ ಕಿಟಕಿ ತೆರೆದದ್ದು, ಟಿಕ್ ಹಾಕಿದ್ದು, ಭಾಗ ಜಾರಿ ಬಂದದ್ದು ಕಣ್ಣಿಗೆ ಕಟ್ಟಿದಂತಿತ್ತು. ಅದು ಮಂಗಳವಾರದ ಚಿತ್ರ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಒಪ್ಪಿಕೊಂಡ ಮೇಲೂ ವಾದ ಬಿಡಲಿಲ್ಲ.

“ಹೊಸ ಸೆಲೆಕ್ಟರ್ ಅದಕ್ಕೆ ಅರ್ಥ ಆಗಲ್ಲ, ಸರಿ. ಅರ್ಥ ಆಗದ್ದನ್ನ ಬ್ರೌಸರ್ ಬಿಟ್ಟು ಮುಂದೆ ಹೋಗುತ್ತೆ. ಹಾಸ್ಟೆಲ್ ಭಾಗ ಬರಬಾರದು ಅಷ್ಟೇ. ಪತ್ರದ ಭಾಗ ಎರಡು ವರ್ಷದಿಂದ ನಡೀತಿದೆಯಲ್ಲ, ಅದ್ಯಾಕೆ ಹೋಗುತ್ತೆ?”

“ಅದ್ಯಾಕೆ ಹೋಗುತ್ತೆ ಅಂತ ನೀವೇ ಹೇಳ್ಬೇಕು. ನಾನು ಹೋಗಿದೆ ಅಂತ ಹೇಳ್ತಿದ್ದೀನಿ.”

ಓದಿ ನೋಡಿದೆ. ಹೋಗಲೇಬೇಕಿತ್ತು. ಒಂದೇ ನಿಯಮಕ್ಕೆ ಹಲವು ಸೆಲೆಕ್ಟರುಗಳನ್ನು ಸಾಲಾಗಿ ಬರೆದಾಗ, ಅದರಲ್ಲಿ ಒಂದು ಗೊತ್ತಿಲ್ಲದಿದ್ದರೂ ಬ್ರೌಸರ್ ಇಡೀ ನಿಯಮವನ್ನೇ ಎಸೆಯುತ್ತದೆ. ಗೊತ್ತಿರುವ ಹಳೆಯದೂ ಅದರ ಜೊತೆಗೆ ಹೋಗುತ್ತದೆ. ಈ ವಿಷಯ ನನಗೆ ಗೊತ್ತೇ ಇರಲಿಲ್ಲವೋ, ಗೊತ್ತಿದ್ದು ಮರೆತಿದ್ದೆನೋ, ಈಗ ಹೇಳುವುದು ಕಷ್ಟ. ಅಕ್ಕನಿಗೆ ವಿವರಿಸಿದೆ. ಅವರು ಆಶ್ಚರ್ಯಪಡಲಿಲ್ಲ.

“ಗೇಟ್ ಪಾಸ್ ಇದ್ದಂಗೆ. ನಾಲ್ಕು ಐಟಂ ಬರೆದು ಒಂದು ತಾಳೆ ಆಗ್ಲಿಲ್ಲ ಅಂದ್ರೆ ಸೆಕ್ಯೂರಿಟಿಯವನು ಗಾಡಿನೇ ವಾಪಸ್ ಕಳಿಸ್ತಾನೆ. ಮೂರು ಐಟಂ ಇಳಿಸಿಕೊಳ್ಳಪ್ಪ ಅಂದ್ರೆ ಕೇಳಲ್ಲ. ನಾವು ಅನುಮಾನದ ಐಟಂಗೆ ಬೇರೆ ಪಾಸ್ ಮಾಡ್ತಿದ್ವಿ.”

ಈ ಹೋಲಿಕೆಯನ್ನು ಬಹಳ ದಿನ ನನ್ನದೆಂದೇ ಹೇಳಿಕೊಂಡು ತಿರುಗಿದ್ದೇನೆ. ಗೇಟ್ ಪಾಸನ್ನು ನಾನು ನನ್ನ ಜೀವನದಲ್ಲಿ ಕಂಡಿಲ್ಲ. ಆದ್ದರಿಂದ ಅದು ಅವರದೇ ಇರಬೇಕು.

ನನಗೆ ಹತ್ತು ನಿಮಿಷದ ದಾರಿ ಕಾಣಿಸಿತು. ಆ ಹೆಂಗಸಿನಿಂದ ಪತ್ರದ ಫೋಟೋ ತರಿಸಿಕೊಂಡು, ವಿವರ ಫೋನಿನಲ್ಲಿ ಕೇಳಿ, ನನ್ನ ಕಂಪ್ಯೂಟರಿನಿಂದ ನಾನೇ ಅರ್ಜಿ ತುಂಬಿಬಿಡುವುದು. ಪುಟವನ್ನು ಸೋಮವಾರ ಸರಿ ಮಾಡುವುದು. ಶನಿವಾರ, ಭಾನುವಾರ ಯಾವ ಪುಟಕ್ಕೂ ಕೈ ಹಚ್ಚಬಾರದೆಂದು ನಮ್ಮ ಬಾಸ್ ನಿಯಮ ಬೇರೆ ಮಾಡಿದ್ದರು.

“ಸೋಮವಾರ ಸರಿ ಮಾಡಿ ಯಾರಿಗೆ? ಐದು ಗಂಟೆಗೆ ಮುಗೀತು,” ಎಂದರು ಅಕ್ಕ. “ಅವಳ ಹಿಂದೆ ಇನ್ನೂ ಹೆಂಗಸ್ರು ನಿಂತಿದ್ದಾರೆ ಆ ಅಂಗಡೀಲಿ. ಅವರದ್ದೂ ನೀವೇ ತುಂಬ್ತೀರಾ?”

“ನಿಮಗೆ ಹೇಗೆ ಗೊತ್ತು?”

“ಫೋನಲ್ಲಿ ಕೇಳಿಸ್ತು. ‘ಆತೇನ, ಆತೇನ’ ಅಂತಿದ್ರು ಹಿಂದೆ.”

“ನನಗೆ ಕೇಳಿಸಲಿಲ್ಲ.”

“ನೀವು ಅವಳು ಸ್ಕ್ರೋಲ್ ಮಾಡಿಲ್ಲ ಅಂತ ಹೇಳ್ತಾ ಇದ್ರಿ.”

ವಾದ ಗೆಲ್ಲಲು ಅವರು ಆ ಹೆಂಗಸರ ಸಾಲನ್ನು ಕಲ್ಪಿಸಿ ಹೇಳಿದರು ಎಂದೇ ನಾನು ತೀರ್ಮಾನಿಸಿದೆ. ಒಳ್ಳೆಯ ಉದ್ದೇಶಕ್ಕೆ ಹೇಳಿದ ಸುಳ್ಳು ಎಂದು ಮನಸ್ಸಿನಲ್ಲೇ ಕ್ಷಮಿಸಿಯೂ ಬಿಟ್ಟೆ. ಹಲವು ವರ್ಷ ಹಾಗೆಯೇ ನಂಬಿದ್ದೆ.

ಅಕ್ಕ ಬಾಸ್‌ಗೆ ಫೋನ್ ಮಾಡಿದರು. ಅನುಮತಿ ಕೇಳುವ ಧ್ವನಿ ಅದಾಗಿರಲಿಲ್ಲ.

“ಸಾರ್, ಲೈನ್ ನಿಲ್ಲಿಸಿದ್ದೀನಿ. ಪೀಸ್ ತಪ್ಪಿದೆ.”

ಪೀಣ್ಯದಲ್ಲಿ ಇನ್ಸ್‌ಪೆಕ್ಷನ್‌ನವರು ಹೀಗೆಂದರೆ ಮ್ಯಾನೇಜರಾದರೂ ಎದುರಾಡುವಂತಿಲ್ಲ ಎಂದು ಅವರು ನಮಗೆಲ್ಲ ಎಷ್ಟೋ ಸಲ ಹೇಳಿದ್ದರು. ನಮ್ಮ ಬಾಸ್‌ಗೂ ಅದು ನೆನಪಿದ್ದಿರಬೇಕು. “ಮಾಡಿ ಅಕ್ಕ, ಕ್ಲೈಂಟಿಗೆ ನಾನು ಹೇಳ್ಕೋತೀನಿ. ಆ ಮೇಷ್ಟ್ರು ಹತ್ರ ಮಾಡ್ಸಿ, ಪಕ್ಕದಲ್ಲೇ ಕೂತ್ಕೊಳ್ಳಿ,” ಎಂದರು. ಅಷ್ಟು ಸ್ಪಷ್ಟವಾಗಿ ಕೇಳಿಸಿತು, ಫೋನ್ ಸ್ಪೀಕರಿನಲ್ಲಿ ಇರದಿದ್ದರೂ.

ಹಳೆಯ ಸೆಲೆಕ್ಟರಿಗೆ ಒಂದು ನಿಯಮ, ಹೊಸದಕ್ಕೆ ಬೇರೆ ನಿಯಮ ಎಂದು ಬಿಡಿಸಿದೆ. ಪತ್ರದ ಭಾಗ ಮೂರನೆಯ ಬ್ರೌಸರಿನಲ್ಲಿ ಬಂತು. ಹಾಸ್ಟೆಲ್ ಭಾಗ ಬರಲಿಲ್ಲ. ಅದಕ್ಕೇನು ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅಕ್ಕ ಕೇಳಿದರು: “ಅರ್ಥ ಆಗದೆ ಇರೋ ಬ್ರೌಸರಲ್ಲಿ ಬಾಗಿಲು ಮುಚ್ಚಿ ಯಾಕೆ ಇಡ್ತೀರಾ? ತೆಗೆದೇ ಇಡಿ. ಬೇಕಾದೋರು ತುಂಬ್ತಾರೆ, ಬೇಡದೋರು ಬಿಡ್ತಾರೆ.”

ನಾನು ಅದುವರೆಗೆ ಎಲ್ಲವನ್ನೂ ಮೊದಲು ಬಚ್ಚಿಟ್ಟು, ಸಮಯಕ್ಕೆ ತೋರಿಸು ಎಂದು ಬರೆಯುತ್ತಿದ್ದೆ. ಅವರು ಹೇಳಿದ್ದು ತಿರುಗಾಮುರುಗಾ: ಮೊದಲು ಎಲ್ಲವೂ ಕಾಣಲಿ, ಹೊಸ ಸೆಲೆಕ್ಟರ್ ಗೊತ್ತಿರುವ ಬ್ರೌಸರ್ ಮಾತ್ರ ಬಚ್ಚಿಡಲಿ. ಅದಕ್ಕೆ ಬೇಕಾದ ದಾರಿ ಬ್ರೌಸರುಗಳಲ್ಲಿ ಆಗಲೇ ಇತ್ತು. ‘ನಿನಗೆ ಈ ಸೆಲೆಕ್ಟರ್ ಗೊತ್ತೇ’ ಎಂದು ಮೊದಲು ಕೇಳಿ, ಹೌದೆಂದರೆ ಮಾತ್ರ ಮುಂದಿನದು ಎಂದು ಬರೆಯಬಹುದು. ಬರೆದೆ. ಇವತ್ತಿನವರೆಗೂ ಹೊಸದೇನು ಬಂದರೂ ಹೀಗೆಯೇ ಬರೆಯುತ್ತೇನೆ.

ಮೂರು ಬ್ರೌಸರುಗಳಲ್ಲೂ ಫಸ್ಟ್ ಪೀಸ್ ಸರಿಬಂತು. ಗಂಟೆ ನಾಲ್ಕಾಗಿತ್ತು. ನಾನು ಪುಟವನ್ನು ಕಳಿಸಲು ಕೈ ಚಾಚಿದೆ.

“ತಡೀರಿ. ಹಳೇ ತಪ್ಪು ಸಾಲನ್ನ ಒಂದು ಸಲ ವಾಪಸ್ ಹಾಕಿ.”

“ಅಕ್ಕ, ಟೈಮ್ ಇಲ್ಲ.”

“ತಪ್ಪು ಪೀಸ್ ಹಾಕಿದಾಗ ಅಳತೆ ನೋಡೋ ಗೇಜ್ ಬೇಡ ಅನ್ನಬೇಕು. ಇಲ್ದಿದ್ರೆ ಗೇಜೇ ಸರಿ ಇಲ್ಲ ಅಂತ.”

ಹಾಕಿದೆ. ಮೂರನೆಯ ಬ್ರೌಸರಿನಲ್ಲಿ ಭಾಗ ಮಾಯವಾಯಿತು. ಸರಿಯಾದದ್ದನ್ನು ಹಾಕಿದೆ, ಬಂತು. ಸಾಕ್ಷ್ಯದ ಬಗ್ಗೆ ಮೂರು ವರ್ಷ ಓದಿದವನಿಗೆ ಹೊಳೆಯಬೇಕಾಗಿದ್ದ ಮಾತು ಅದು.

ಪುಟ ಹೋಯಿತು. ಅಂಗಡಿಗೆ ಫೋನ್ ಮಾಡಿದೆವು. ಅಲ್ಲಿ ಇನ್ನೂ ಹಳೆಯದೇ ಕಾಣುತ್ತಿತ್ತು. ಬ್ರೌಸರ್ ಬೆಳಗಿನ ಪ್ರತಿಯನ್ನೇ ಹಿಡಿದುಕೊಂಡು ಕೂತಿತ್ತು.

“ಅಣ್ಣ, ಕಂಟ್ರೋಲ್ ಒತ್ತಿ ಹಿಡ್ಕೊಂಡು ಎಫ್ ಐದು ಒತ್ತಿ,” ಎಂದೆ.

“ಮೇಲ್ಗಡೆ ಸಾಲಲ್ಲಿ ಅಕ್ಸರನೇ ಅಳಿಸೋಗವೆ ಸಾಮಿ. ಎಲ್ಲಾ ಬೋಳು.”

“ಎಡಗಡೆ ಮೂಲೆಯಿಂದ ಎಣಿಸಿ. ಆರನೇದು.”

“ಒಂದು, ಎರಡು... ಇದಾ?” ಎಂದು ಅವರು ನನಗೆ ಕಾಣುತ್ತಿದೆ ಎನ್ನುವಂತೆ ಕೇಳಿದರು. ಆಮೇಲೆ ಅವರದೇ ಧ್ವನಿ: “ಏನೋ ಬೆಳ್ಳಗಾಯ್ತು. ಬಂತು ಮತ್ತೆ.” ಟಿಕ್ ಹಾಕಮ್ಮ ಎಂದು ಅಲ್ಲಿಯೇ ಹೇಳಿದ್ದು ಕೇಳಿಸಿತು.

“ಬಂತ್ರೀ,” ಎಂದಳು ಆ ಹೆಂಗಸು. “ಜಾಗ ಬಂತು.”

ಪತ್ರ ಸೇರಿತು. ಅರ್ಜಿಯ ನಂಬರು ಬಂದಾಗ ಅವಳು ಒಂದೊಂದೇ ಅಂಕಿ ಓದಿ ಹೇಳಿದಳು, ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. “ಉಪಕಾರ ಆತ್ರಿ,” ಎಂದಳು. ತಪ್ಪು ನನ್ನದು ಎಂದು ನಾನು ಹೇಳಬೇಕಿತ್ತು. ಹೇಳಿದೆ ಎಂದು ನೆನಪು. ಅಕ್ಕ ಹೇಳುವಂತೆ ನಾನು “ಇರಲಿ ಬಿಡಿ” ಎಂದೆನಂತೆ.

ಮೊದಲು ಹೇಳಿದ ಅನುಮಾನಕ್ಕೆ ಇಲ್ಲಿ ಬರುತ್ತೇನೆ. ಆರನೆಯ ಗುಂಡಿಯನ್ನು ಒತ್ತಿದ ಬೆರಳು ನನ್ನದಾಗಿರಲು ಸಾಧ್ಯವಿಲ್ಲ. ನಾಲ್ಕು ಗಂಟೆಗೆ ವೈಟ್‌ಫೀಲ್ಡಿನಲ್ಲಿ ಪುಟ ಕಳಿಸಿದವನು ಐದರೊಳಗೆ, ಅದೂ ಶನಿವಾರ, ಬೆಳ್ಳಂದೂರು ದಾಟಿ ಬೊಮ್ಮನಹಳ್ಳಿ ಮುಟ್ಟಿದ ಎಂದರೆ ಈ ಊರಿನಲ್ಲಿ ಯಾರೂ ನಂಬುವುದಿಲ್ಲ. ನಾನು ಆ ಅಂಗಡಿಗೆ ಹೋದದ್ದು ಒಂದೆರಡು ತಿಂಗಳ ನಂತರ, ಸುಮ್ಮನೆ ನೋಡಲೆಂದು. ಒಂದು ಕಾಗದ ಜೆರಾಕ್ಸ್ ಮಾಡಿಸುವ ನೆಪದಲ್ಲಿ ಆ ಬೋಳು ಗುಂಡಿಗಳನ್ನು ಎಡದಿಂದ ಎಣಿಸಿ, ಆರನೆಯದನ್ನು ಮುಟ್ಟಿ ನೋಡಿದೆ. ಹಸಿರು ಗೋಡೆ, ಪ್ಲಾಸ್ಟಿಕ್ ವಾಸನೆ ಎಲ್ಲ ಆ ದಿನದ್ದು. ನೆನಪು ಎರಡನ್ನೂ ಹೊಲಿದುಬಿಟ್ಟಿದೆ. ಬಿಚ್ಚಲು ಹೋದರೆ ನೂಲು ಎಲ್ಲಿದೆ ಎಂದೇ ಸಿಗುವುದಿಲ್ಲ.

ಆಯ್ಕೆಯಾದವರ ಪಟ್ಟಿಯನ್ನು ಅರ್ಜಿ ನಂಬರುಗಳಾಗಿ ಅದೇ ಪುಟದಲ್ಲಿ ಹಾಕುವ ಕೆಲಸವೂ ನನ್ನದೇ. ಹಾಕುವ ಮೊದಲು ಅಕ್ಕ ನೋಟ್‌ಬುಕ್ ಹಿಡಿದು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ನಂಬರು ಇತ್ತು. ಅವರು ತಮ್ಮ ಮೇಜಿಗೆ ಹೋಗಿ ಫೋನ್ ಮಾಡಿದರು. ಆ ಕಡೆಯಿಂದ ಯಂತ್ರಗಳ ಸದ್ದು ಬರುತ್ತಿತ್ತಂತೆ. “ಸೀಟ್ ಸಿಕ್ಕಿದೆ ಕಣಮ್ಮ,” ಎಂದು ಎರಡು ಸಲ ಜೋರಾಗಿ ಹೇಳಬೇಕಾಯಿತು. ಫೋನ್ ಇಟ್ಟು, “ಅಳ್ತಿದ್ಲಾ ನಗ್ತಿದ್ಲಾ ಗೊತ್ತಾಗ್ಲಿಲ್ಲ ಆ ಗಲಾಟೇಲಿ,” ಎಂದರು.

ಅರ್ಜಿ ಮುಚ್ಚಿದ ಆ ಶನಿವಾರದ ಮರುವಾರವೇ ನಾವಿಬ್ಬರೂ ಸೇರಿ ಒಂದು ಸಣ್ಣ ಪುಟ ಮಾಡಿದೆವು. ಅದರಲ್ಲಿ ಒಂದೇ ಚೌಕ. ಹೊಸ ಸೆಲೆಕ್ಟರ್ ಗೊತ್ತಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಮೂರನೆಯ ಬ್ರೌಸರನ್ನು ಕಟ್ಟುವವರು ತಮ್ಮ ಕೆಲಸವನ್ನು ಬಹಿರಂಗವಾಗಿಯೇ ಚರ್ಚಿಸುತ್ತಾರೆ. ಅಲ್ಲಿ ನಮ್ಮ ಪುಟವನ್ನು ಹಾಕಿ, ಇದು ಬೇಗ ಬಂದರೆ ಅನುಕೂಲ ಎಂದು ಬರೆದೆ. ಮಾರನೆಯ ದಿನವೇ ಯಾರೋ ಅಪರಿಚಿತರು ಉತ್ತರ ಕೊಟ್ಟಿದ್ದರು. ಇಂಥದೇ ಪರೀಕ್ಷೆ ಆಗಲೇ ಇದೆ. ಬೇರೆ ಬೇರೆ ಬ್ರೌಸರಿನವರೆಲ್ಲ ಒಂದೇ ಕಡೆ ಕೂಡಿಟ್ಟು, ಎಲ್ಲರೂ ತಮ್ಮ ತಮ್ಮ ಬ್ರೌಸರಿನ ಮೇಲೆ ಓಡಿಸುವ ಸಾವಿರಾರು ಪರೀಕ್ಷೆಗಳಲ್ಲಿ ಇದೂ ಸೇರಿದೆ, ಇಲ್ಲಿ ನೋಡಿ, ತೊಂದರೆ ತೆಗೆದುಕೊಂಡದ್ದಕ್ಕೆ ಕೃತಜ್ಞತೆ ಎಂದು. ಅವರು ತೋರಿಸಿದ ಪಟ್ಟಿಯನ್ನು ಅಕ್ಕನಿಗೆ ತೋರಿಸಿದೆ. ಅಡ್ಡಲಾಗಿ ಬ್ರೌಸರುಗಳು, ಉದ್ದಕ್ಕೆ ಪರೀಕ್ಷೆಗಳು, ಎಷ್ಟು ಕೆಳಗೆ ಹೋದರೂ ಮುಗಿಯುತ್ತಿರಲಿಲ್ಲ. ಅಕ್ಕ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಇವ್ರೆಲ್ಲ ಒಬ್ಬರಿಗೊಬ್ಬರು ಕಾಂಪಿಟೇಶನ್ ತಾನೆ?”

“ಹೌದು.”

“ಆದ್ರೂ ಗೇಜ್ ಮಾತ್ರ ಎಲ್ಲರದ್ದೂ ಒಂದೇ. ಪರವಾಗಿಲ್ಲ.”

ಅವರ ಬಾಯಲ್ಲಿ ‘ಪರವಾಗಿಲ್ಲ’ ದೊಡ್ಡ ಹೊಗಳಿಕೆ. ನಮ್ಮ ಪುಟ ಅವರಿಗೆ ಬೇಕಿರಲಿಲ್ಲ ಎಂದು ನನಗೆ ಸ್ವಲ್ಪ ಬೇಸರವಾಗಿತ್ತು. ಅಕ್ಕನಿಗೆ ಆಗಲಿಲ್ಲ. ಶನಿವಾರದ ಟೀ ಹೊತ್ತಿಗೆ ಮೂರನೆಯ ಬ್ರೌಸರಿನ ಹೊಸ ಆವೃತ್ತಿ ಹಾಕಿ ಆ ಚೌಕವನ್ನು ನೋಡುವುದು ನಮ್ಮ ರೂಢಿಯಾಯಿತು. ಕೆಂಪು, ಕೆಂಪು, ಮತ್ತೆ ಕೆಂಪು. ಎಷ್ಟು ಶನಿವಾರ ಎಂದು ಎಣಿಸಿಲ್ಲ. ಒಂದು ಶನಿವಾರ ಹಸಿರಾಗಿತ್ತು. ನಾನು ಟೀ ಲೋಟ ಹಿಡಿದೇ ಎದ್ದು ನಿಂತೆ. ಅಕ್ಕ ಮೊದಲು ಸೆಲೆಕ್ಟರಿನ ಸಾಲನ್ನು ಬೇಕೆಂದೇ ಕೆಡಿಸಿ ಕೆಂಪಾಗುತ್ತದೆಯೇ ಎಂದು ನೋಡಿದರು. ಆಯಿತು. ಆಮೇಲೆ ನೋಟ್‌ಬುಕ್ ತೆಗೆದು, ಮೂರನೆಯ ಬ್ರೌಸರ್, ಫಸ್ಟ್ ಪೀಸ್, ಓಕೆ ಎಂದು ಬರೆದು ಸಹಿ ಹಾಕಿದರು.

ಈಗ ಹೊಸ ಹುಡುಗರು ಆ ಸೆಲೆಕ್ಟರನ್ನು ಯೋಚನೆಯಿಲ್ಲದೆ ಬರೆಯುತ್ತಾರೆ. ಬರೆಯಲಿ. ಅದು ಎಲ್ಲ ಕಡೆ ಒಂದೇ ರೀತಿ ನಡೆಯಲೆಂದು ಯಾವ ಯಾವ ದೇಶದ ಯಾರು ಯಾರೋ ಕೂತು ಒಂದೊಂದೇ ಚೌಕವನ್ನು ಹಸಿರು ಮಾಡಿದ್ದಾರೆ. ಅವರಾರ ಮುಖವೂ ನನಗೆ ಗೊತ್ತಿಲ್ಲ. ಬ್ರೌಸರನ್ನು ಕಿತ್ತುಹಾಕಿ ನಮ್ಮ ತಪ್ಪನ್ನು ಬಯಲು ಮಾಡಿದ ಆ ಯಜಮಾನರ ಋಣವೂ ನನ್ನ ಮೇಲಿದೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಹೆಂಗಸಿನದು. ಪುಟ ಕೆಲಸ ಮಾಡದಿದ್ದರೆ ತಮಗೇ ಗೊತ್ತಾಗುತ್ತಿಲ್ಲವೇನೋ ಎಂದು ಸುಮ್ಮನೆ ಎದ್ದುಹೋಗುವವರೇ ಬಹಳ. ಅವಳು ಮೂರು ಸಲ ಟಿಕ್ ತೆಗೆದು ಹಾಕಿ, ಆಮೇಲೆ ಫೋನ್ ಮಾಡಿದಳು.

ಅಕ್ಕ ಕಳೆದ ವರ್ಷ ಕೆಲಸ ಬಿಟ್ಟು ಮಗಳ ಊರಿಗೆ ಹೋದರು. ಹೋಗುವಾಗ ನೋಟ್‌ಬುಕ್ಕುಗಳನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಈಚೆಗೆ ಆ ತರಬೇತಿ ಕೇಂದ್ರದವರು ಹಳೆಯ ಸರ್ವರನ್ನು ಮುಚ್ಚಿಸಿದರು. ಅದರಲ್ಲಿದ್ದ ದಾಖಲೆಗಳನ್ನು ಅಳಿಸುವ ಮೊದಲು ಒಂದು ಸಲ ನೋಡುವ ಅವಕಾಶ ಸಿಕ್ಕಿತು. ಯಾವ ಅರ್ಜಿ ಎಷ್ಟು ಹೊತ್ತಿಗೆ, ಯಾವ ಸಂಪರ್ಕದಿಂದ, ಯಾವ ಬ್ರೌಸರಿನಿಂದ ಬಂತು ಎಂಬ ಉದ್ದನೆಯ ಪಟ್ಟಿ. ಹೆಸರುಗಳಿಲ್ಲ. ನೋಟ್‌ಬುಕ್ಕಿನಲ್ಲಿದ್ದ ನಂಬರನ್ನು ಹುಡುಕಿದೆ. ನಾಲ್ಕು ಗಂಟೆ ಇಪ್ಪತ್ತಾರು ನಿಮಿಷಕ್ಕೆ, ಮೂರನೆಯ ಬ್ರೌಸರಿನಿಂದ ಬಂದಿತ್ತು. ಅದರ ಕೆಳಗೆ, ಅದೇ ಅಂಗಡಿಯ ಸಂಪರ್ಕದಿಂದ, ಅದೇ ಬ್ರೌಸರಿನಿಂದ, ಐದು ಗಂಟೆಯೊಳಗೆ ಇನ್ನೂ ಐದು ಅರ್ಜಿಗಳಿದ್ದವು. ಐದಕ್ಕೂ ಪತ್ರ ಸೇರಿಸಲಾಗಿತ್ತು.